ಊಂಧಿಯು, ರೋಟ್ಲೊ, ದಾಲ್‌ಬಾಟಿ: ಚಳಿಗಾಲದ ಗುಜರಾತಿ–ರಾಜಸ್ಥಾನಿ ಊಟಕ್ಕೆ ಹೋಟೆಲಿಗೆ ಹೋಗುವವರಿಗೆ

ಡಿಸೆಂಬರ್ ಹತ್ತಿರ ಬಂತೆಂದರೆ ಓದುಗರಿಂದ ಎರಡು ಮಾತು ತಪ್ಪದೆ ಬರುತ್ತವೆ. ಹೊರಟವರದು, ‘ಅಹಮದಾಬಾದಿಗೆ ಹೋಗ್ತಿದ್ದೇವೆ, ಒಳ್ಳೆ ಊಂಧಿಯು ತಿನ್ನೋದು ಹೇಗೆ?’ ಹೋಗಿಬಂದವರದು, ‘ಥಾಳಿ ತಿಂದ್ವಿ, ಹೊಟ್ಟೆ ಬಿರಿಯಿತು, ಆದರೆ ಏನು ತಿಂದ್ವಿ ಅಂತಲೇ ನೆನಪಿಲ್ಲ.’ ಊಂಧಿಯು ಎಂದರೆ ಚಳಿಗಾಲದ ಹಲವು ತರಕಾರಿ ಸೇರಿಸಿ ಬೇಯಿಸುವ ಗುಜರಾತಿ ಅಡುಗೆ. ಎರಡು ಮಾತಿಗೂ ಉತ್ತರ ಒಂದೇ. ಗುಜರಾತಿ ಅಥವಾ ರಾಜಸ್ಥಾನಿ ಥಾಳಿಯಲ್ಲಿ ಇಪ್ಪತ್ತು ಬಗೆ ಬಂದರೆ ಅದರಲ್ಲಿ ಚಳಿಗಾಲದ್ದು ನಾಲ್ಕೋ ಐದೋ. ಉಳಿದದ್ದು ಮೇ ತಿಂಗಳಲ್ಲೂ ಸಿಗುತ್ತದೆ. ಆ ನಾಲ್ಕೈದನ್ನು ಗುರುತಿಸಿ, ಅವಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುವುದೇ ಇಲ್ಲಿನ ವಿದ್ಯೆ.

1. ಮೊದಲು ದಿನ ಗೊತ್ತುಮಾಡಿ

ಊಂಧಿಯುವಿನ ಕಾಲ ಸುಮಾರು ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಎಳೆ ಪಾಪಡಿ, ಹಸಿ ತೊಗರಿಕಾಳು, ನೇರಳೆ ಗೆಣಸು, ಗಡ್ಡೆ ಬಲಿಯುವ ಮೊದಲೇ ಎಲೆಸಮೇತ ಕಿತ್ತ ಹಸಿ ಬೆಳ್ಳುಳ್ಳಿ, ಇಷ್ಟೂ ಒಟ್ಟಿಗೆ ಸಂತೆಗೆ ಬರುವುದು ಆಗಲೇ. ಪಾಪಡಿ ಎಂದರೆ ನಮ್ಮ ಅವರೆಕಾಯಿಯ ದಾಯಾದಿ. ಬೆಂಗಳೂರಿನಲ್ಲಿ ಸೊಗಡಿನ ಅವರೆಕಾಯಿ ರಾಶಿ ಬಿದ್ದಿದೆ ಎಂದರೆ ಸೂರತ್ತಿನಲ್ಲಿ ಊಂಧಿಯು ಒಲೆಯ ಮೇಲಿದೆ ಎಂದು ಲೆಕ್ಕ ಹಾಕಬಹುದು.

ನನ್ನ ಆಯ್ಕೆ ಡಿಸೆಂಬರ್ ಕೊನೆಯ ವಾರದಿಂದ ಜನವರಿ 10ರವರೆಗೆ. ಜನವರಿ 14 ಉತ್ತರಾಯಣ, ನಮ್ಮ ಸಂಕ್ರಾಂತಿ, ಅಲ್ಲಿ ಗಾಳಿಪಟದ ಹಬ್ಬ. ಅವತ್ತು ಗುಜರಾತಿನ ಮನೆಮನೆಯಲ್ಲಿ ಊಂಧಿಯು, ಪೂರಿ, ಜಿಲೇಬಿ. ಫರ್ಸಾಣ್ ಅಂಗಡಿಗಳ (ಕುರುಕಲು ತಿಂಡಿ ಮಾರುವ ಅಂಗಡಿಗಳ) ಮುಂದೆ ಬೆಳಗ್ಗೆಯಿಂದಲೇ ಸಾಲು. ಆ ದಿನದ ಸಡಗರ ನೋಡಬೇಕಾದದ್ದೇ, ಆದರೆ ರುಚಿಗಾಗಿ ಹೋಗುವವರಿಗೆ ಅದು ಸರಿಯಾದ ದಿನವಲ್ಲ. ಅಂಗಡಿಯವರು ಕೊಪ್ಪರಿಗೆಗಟ್ಟಲೆ ಮಾಡುತ್ತಾರೆ, ತಳದ ತರಕಾರಿ ಮುದ್ದೆಯಾಗಿರುತ್ತದೆ. ಊಟದ ಹೋಟೆಲಿನ ಕೆಲಸದವರಲ್ಲಿ ಅರ್ಧ ಜನ ಮಾಳಿಗೆ ಮೇಲೆ ಗಾಳಿಪಟ ಹಿಡಿದಿರುತ್ತಾರೆ. ಮರುದಿನ ‘ವಾಸಿ ಉತ್ತರಾಯಣ’, ಅಂದೂ ಅದೇ ಕತೆ. ಈ ಎರಡು ದಿನ ಫೋನ್ ಮಾಡದೆ ಯಾವ ಹೋಟೆಲಿಗೂ ಹೋಗಬೇಡಿ.

ರಾಜಸ್ಥಾನಕ್ಕೆ ಇಷ್ಟು ಬಿಗಿಯಾದ ಲೆಕ್ಕವಿಲ್ಲ. ಸಜ್ಜೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಕೊಯ್ಲಾಗುವುದರಿಂದ ನವೆಂಬರಿನಿಂದಲೇ ಹೊಸ ಹಿಟ್ಟು ಸಿಗುತ್ತದೆ. ಹಸಿ ಅರಿಶಿನ ಕೊಂಬು ಡಿಸೆಂಬರಿನಲ್ಲಿ ಧಾರಾಳ.

2. ಯಾವ ತರಹದ ಹೋಟೆಲ್ ಎಂದು ತಿಳಿದು ಹೋಗಿ

ಇಲ್ಲಿ ಎಡವುವವರೇ ಹೆಚ್ಚು. ಬೋರ್ಡಿನ ಮೇಲೆ ‘ಗುಜರಾತಿ’ ಅಂತಿದ್ದ ಮಾತ್ರಕ್ಕೆ ಎಲ್ಲ ಕಡೆ ಎಲ್ಲವೂ ಸಿಗುವುದಿಲ್ಲ.

*ಡೈನಿಂಗ್ ಹಾಲ್*: ಕೂತಲ್ಲಿಗೇ ಬಡಿಸುವ, ಎಷ್ಟು ಬೇಕಾದರೂ ಹಾಕಿಸಿಕೊಳ್ಳುವ ಥಾಳಿ. ತಲೆಗಿಷ್ಟು ಎಂದು ಒಂದೇ ದರ, ಒಂದು ಥಾಳಿಯನ್ನು ಇಬ್ಬರು ಹಂಚಿಕೊಳ್ಳಲು ಬಿಡುವುದಿಲ್ಲ. ಹಲವು ಹಾಲ್‌ಗಳಲ್ಲಿ ಊಂಧಿಯು ಬರುವುದು ಶನಿವಾರ, ಭಾನುವಾರ ಮಾತ್ರ. ಹೆಚ್ಚು ಹೊತ್ತಿನ ಕೆಲಸ ಅದು, ವಾರದ ದಿನ ಮಾಡಲು ಅವರಿಗೆ ಗಿಟ್ಟುವುದಿಲ್ಲ.

*ಕಾಠಿಯಾವಾಡಿ ಹೋಟೆಲ್*: ಸೌರಾಷ್ಟ್ರದ ಊಟ. ಸಜ್ಜೆ ರೋಟ್ಲೊ (ದಪ್ಪ ರೊಟ್ಟಿ), ಸುಟ್ಟ ಬದನೆಕಾಯಿಯ ಓಳೊ, ಬೆಳ್ಳುಳ್ಳಿ ಆಲೂಗಡ್ಡೆ, ಸೇವ್–ಟಮೋಟೊ. ಗುಜರಾತಿ ಅಡುಗೆಯೆಲ್ಲ ಸಿಹಿ ಅಂದುಕೊಂಡವರು ಮೊದಲು ಇಲ್ಲಿಗೆ ಬರಬೇಕು, ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ಚಳಿಗಾಲದ ಊಟಕ್ಕೆ ನಾನು ಮೊದಲು ಹೇಳುವುದು ಇದನ್ನೇ.

*ಹಳ್ಳಿಯ ಮಾದರಿಯ ಹೋಟೆಲ್*: ಅಹಮದಾಬಾದಿನಲ್ಲಿ 1978ರಿಂದ ಇರುವ ವಿಶಾಲಾ, ಜೈಪುರದ ಚೋಖಿ ಢಾಣಿ ಈ ಜಾತಿಯವು. ಸಂಜೆ ಪೂರ್ತಿ ಬಿಡುವು ಮಾಡಿಕೊಂಡು, ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗ. ನೆಲದ ಮೇಲೆ ಕೂತು ತಗ್ಗು ಮಣೆಯ ಮೇಲೆ ಊಟ. ಮಂಡಿನೋವಿನ ಹಿರಿಯರಿದ್ದರೆ ಕುರ್ಚಿಯ ವ್ಯವಸ್ಥೆ ಇದೆಯೇ ಎಂದು ಮೊದಲೇ ಕೇಳಿ.

*ಫರ್ಸಾಣ್ ಅಂಗಡಿ*: ಕೂರಲು ಜಾಗವಿಲ್ಲ, ಊಂಧಿಯುವನ್ನು ತೂಕಕ್ಕೆ ಕೊಡುತ್ತಾರೆ. ಪೂರಿ ಜೊತೆ ಅದೇ ಊಟವಾದರೆ ಒಬ್ಬರಿಗೆ 250 ಗ್ರಾಂ ಸಾಕು. ಬೇರೆ ಅಡುಗೆಯೂ ಇದ್ದರೆ ಅಷ್ಟು ಇಬ್ಬರಿಗೆ. ‘ತರಕಾರಿ ತಾನೇ’ ಎಂದು ಇಬ್ಬರಿಗೆ ಒಂದು ಕೇಜಿ ಕಟ್ಟಿಸಿಕೊಂಡು ಒದ್ದಾಡುವವರಿದ್ದಾರೆ.

ಬೆಂಗಳೂರು, ಹುಬ್ಬಳ್ಳಿಯವರು ಅಷ್ಟು ದೂರ ಹೋಗಲೇಬೇಕೆಂದಿಲ್ಲ. ಗುಜರಾತಿ, ಮಾರವಾಡಿ ಮನೆತನಗಳು ತಲೆಮಾರುಗಳಿಂದ ಇರುವ ಪೇಟೆಗಳಲ್ಲಿ ಸಂಕ್ರಾಂತಿ ಹೊತ್ತಿಗೆ ಮುಂಗಡ ಆರ್ಡರ್ ತೆಗೆದುಕೊಂಡು ಊಂಧಿಯು ಮಾಡಿಕೊಡುವವರಿದ್ದಾರೆ. ಎರಡು ದಿನ ಮುಂಚೆ ಹೇಳಿಡಿ.

3. ಫೋನಿನಲ್ಲಿ ಮೂರು ಪ್ರಶ್ನೆ

ಒಂದು: ‘ಆಜೆ ಊಂಧಿಯು ಛೇ?’ (ಇವತ್ತು ಊಂಧಿಯು ಇದೆಯೇ?) ಇದೆ ಎಂದರೆ ಸೂರ್ತಿಯೋ (ಸೂರತ್ತಿನ ಬಗೆ) ಕಾಠಿಯಾವಾಡಿಯೋ ಕೇಳಿ. ಹಿಂದಿಯಲ್ಲಿ ಕೇಳಿದರೂ ನಡೆಯುತ್ತದೆ.

ಎರಡು: ರೋಟ್ಲೊ ಮಧ್ಯಾಹ್ನವೂ ಇದೆಯೇ, ರಾತ್ರಿ ಮಾತ್ರವೇ? ತಟ್ಟುವವರು ಸಂಜೆಯಷ್ಟೇ ಬರುವ ಹೋಟೆಲುಗಳಿವೆ. ಮಧ್ಯಾಹ್ನ ಹೋದರೆ ಗೋಧಿ ಫುಲ್ಕಾ ಕೊಟ್ಟು ಕಳಿಸುತ್ತಾರೆ.

ಮೂರು: ಅಡುಗೆ ‘ಜೈನ್’ ಅಥವಾ ‘ಸ್ವಾಮಿನಾರಾಯಣ’ವೇ? ಎರಡೂ ಒಂದೇ ಎಂದು ಅನೇಕರು ತಿಳಿದಿದ್ದಾರೆ, ಅಲ್ಲ. ಸ್ವಾಮಿನಾರಾಯಣ ಎಂದರೆ ಈರುಳ್ಳಿ ಬೆಳ್ಳುಳ್ಳಿ ಇಲ್ಲ, ಆದರೆ ಆಲೂಗಡ್ಡೆ, ಗೆಣಸು ಇರುತ್ತವೆ. ಜೈನ್ ಎಂದರೆ ನೆಲದಡಿ ಬೆಳೆಯುವ ಯಾವ ಗಡ್ಡೆಯೂ ಇಲ್ಲ, ಗೆಣಸಿನ ಜಾಗದಲ್ಲಿ ಬಾಳೆಕಾಯಿ. ನಿಮಗೆ ಅಂಥ ನಿಯಮವಿಲ್ಲದಿದ್ದರೆ ಈ ಎರಡನ್ನೂ ಬಿಟ್ಟು ಮಾಮೂಲಿಯದನ್ನೇ ಕೇಳಿ, ಏಕೆಂದರೆ ಚಳಿಗಾಲದ ಅಡುಗೆಯ ಜೀವ ಇರುವುದೇ ಹಸಿ ಬೆಳ್ಳುಳ್ಳಿಯಲ್ಲಿ.

ಕಡಲೆಕಾಯಿ ಅಥವಾ ಎಳ್ಳು ಒಗ್ಗದವರು ಇದೇ ಫೋನಿನಲ್ಲಿ ಹೇಳಿಬಿಡಬೇಕು. ಊಂಧಿಯುವಿನ ಮಸಾಲೆಯಲ್ಲಿ ಎರಡೂ ಇರಬಹುದು, ಎಣ್ಣೆಯೂ ಬಹಳ ಕಡೆ ಕಡಲೆಕಾಯಿಯದೇ. ತಟ್ಟೆಗೆ ಬಂದಮೇಲೆ ಬೇರ್ಪಡಿಸಲಾಗದು.

4. ತಟ್ಟೆ ಮುಂದೆ ಬಂದ ಮೊದಲ ಐದು ನಿಮಿಷ

ನೀವು ಕೂತು ಕೈತೊಳೆಯುವಷ್ಟರಲ್ಲಿ ಆರೇಳು ಜನ ಒಬ್ಬರ ಹಿಂದೊಬ್ಬರು ಬರುತ್ತಾರೆ. ಎರಡು ಬಗೆಯ ಫರ್ಸಾಣ್ (ಢೋಕ್ಳಾ, ಕಚೋರಿ ತರಹದ್ದು), ಮೂರು ನಾಲ್ಕು ಶಾಕ್ (ಪಲ್ಯ), ಒಂದು ಕಠೋಳ್ (ಕಾಳಿನ ಪದಾರ್ಥ), ದಾಳ್, ಕಢಿ, ಪೂರಿ, ಸಿಹಿ. ಹಸಿದಿರುತ್ತೀರಿ, ಬಿಸಿ ಪೂರಿಯೂ ಢೋಕ್ಳಾವೂ ಕೈಗೆ ಮೊದಲು ಸಿಗುತ್ತವೆ. ಅಲ್ಲೇ ಆಟ ಮುಗಿಯುತ್ತದೆ.

ಬಡಿಸುವವರನ್ನು ನಿಲ್ಲಿಸಿ ಕೇಳಿ: ‘ಭಾಯ್, ಇದರಲ್ಲಿ ಚಳಿಗಾಲದ್ದು ಯಾವುದು?’ ‘ಶಿಯಾಳೊ’ ಎಂದರೆ ಗುಜರಾತಿಯಲ್ಲಿ ಚಳಿಗಾಲ, ಆ ಒಂದು ಪದ ಸಾಕು. ಬೆರಳು ತೋರಿಸಿ ಹೇಳುತ್ತಾರೆ. ಫರ್ಸಾಣ್‌ಗಳಲ್ಲಿ ‘ಲೀಲ್ವಾ ಕಚೋರಿ’ ಇದ್ದರೆ ಅದನ್ನೊಂದು ತೆಗೆದುಕೊಳ್ಳಿ. ಹಸಿ ತೊಗರಿಕಾಳನ್ನು ಜಜ್ಜಿ ತುಂಬಿದ್ದು, ಒಳಗೆ ಹಸಿರಾಗಿರುತ್ತದೆ. ಉಳಿದ ಫರ್ಸಾಣ್‌ಗೆ ಅಂಗೈ ಅಡ್ಡ ಹಿಡಿಯಿರಿ. ಇಲ್ಲಿ ‘ಬೇಡ’ ಎಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ, ಬಟ್ಟಲಿನ ಮೇಲೆ ಕೈ ಇಟ್ಟರಷ್ಟೇ ನಿಲ್ಲುವುದು. ರಾಜಸ್ಥಾನದಲ್ಲಿ ಇದಕ್ಕೆ ‘ಮನುಹಾರ್’ ಎನ್ನುತ್ತಾರೆ. ಒತ್ತಾಯ ಮಾಡಿ ಬಡಿಸುವುದೇ ಅಲ್ಲಿ ಮರ್ಯಾದೆ, ಬೇಸರ ಮಾಡಿಕೊಳ್ಳಬೇಡಿ. ‘ಥೋಡುಂ ಜ’ ಎಂದರೆ ಗುಜರಾತಿಯಲ್ಲಿ ‘ಸ್ವಲ್ಪವೇ’. ‘ಬಸ್’ ಎರಡೂ ಕಡೆ ನಡೆಯುತ್ತದೆ.

ಮಜ್ಜಿಗೆ ಲೋಟ ಖಾಲಿಯಾದಂತೆಲ್ಲ ತುಂಬುತ್ತಾರೆ. ಅದನ್ನು ಊಟದ ಕೊನೆಗೆ ಇಟ್ಟುಕೊಳ್ಳಿ.

5. ಊಂಧಿಯು: ನೋಡುವುದು, ತಿನ್ನುವುದು

‘ಊಂಧು’ ಎಂದರೆ ಗುಜರಾತಿಯಲ್ಲಿ ತಲೆಕೆಳಗು. ತರಕಾರಿ ತುಂಬಿದ ಮಡಕೆಯ ಬಾಯಿ ಮುಚ್ಚಿ, ನೆಲದ ಗುಂಡಿಯಲ್ಲಿ ಬೋರಲು ಹಾಕಿ, ಮೇಲೆ ಬೆಂಕಿ ಮಾಡಿ ಬೇಯಿಸುತ್ತಿದ್ದುದರಿಂದ ಆ ಹೆಸರು. ಹೋಟೆಲಿನಲ್ಲಿ ಬರುವ ಸೂರ್ತಿ ಊಂಧಿಯು ಈಗ ದೊಡ್ಡ ಪಾತ್ರೆಯಲ್ಲೇ ಆಗುತ್ತದೆ. ನಿಜವಾದ ಮಡಕೆಯದು ಬೇಕಿದ್ದರೆ ‘ಉಬಾಡಿಯು’ ಕೇಳಬೇಕು. ನವಸಾರಿ, ವಲಸಾಡ್ ಕಡೆ ಹೆದ್ದಾರಿ ಬದಿಯಲ್ಲಿ ಚಳಿಗಾಲದಲ್ಲಿ ಮಾರುತ್ತಾರೆ. ಎಣ್ಣೆಯಿಲ್ಲದೆ, ಸೊಪ್ಪು ಹೊದಿಸಿ ಸುಟ್ಟ ಪಾಪಡಿ, ಗೆಣಸು, ಆಲೂಗಡ್ಡೆ. ಹಸಿರು ಚಟ್ನಿ, ಮಜ್ಜಿಗೆ ಜೊತೆ ತಿನ್ನುತ್ತಾರೆ. ಸೂರತ್–ಮುಂಬೈ ನಡುವೆ ಕಾರಿನಲ್ಲಿ ಹೋಗುವವರು ಇದನ್ನು ಬಿಟ್ಟು ಬಂದರೆ ನಷ್ಟ ಅವರದೇ.

ಸೂರ್ತಿಯ ಮಸಾಲೆ ಹಸಿರು: ತೆಂಗಿನಕಾಯಿ ತುರಿ, ಕೊತ್ತಂಬರಿ, ಹಸಿ ಬೆಳ್ಳುಳ್ಳಿ, ಹಸಿಮೆಣಸು, ಜೊತೆಗೆ ಚಿಟಿಕೆ ಸಕ್ಕರೆ. ಪುಟ್ಟ ಬದನೆಕಾಯಿ, ಆಲೂಗಡ್ಡೆಗಳನ್ನು ಸೀಳಿ ಇದನ್ನು ತುಂಬುತ್ತಾರೆ. ಕಾಠಿಯಾವಾಡಿಯದು ಕೆಂಪು ಖಾರದ್ದು, ರಸ ಹೆಚ್ಚು. ಮೊದಲ ಸಲ ತಿನ್ನುವವರು ಸೂರ್ತಿಯಿಂದ ಶುರುಮಾಡಿ.

ಬಟ್ಟಲಿಗೆ ಬಿದ್ದಾಗ ಇಷ್ಟು ನೋಡಿ. ಪಾಪಡಿ ಇನ್ನೂ ಹಸಿರಿದೆಯೇ? ನೇರಳೆ ಗೆಣಸಿನ ಹೋಳು ಬಣ್ಣ ಬಿಡದೆ, ಅಂಚು ಮುರಿಯದೆ ನಿಂತಿದೆಯೇ? ಮುಠಿಯಾ (ಮೆಂತ್ಯ ಸೊಪ್ಪು, ಕಡಲೆಹಿಟ್ಟು ಕಲಸಿ ಮುಷ್ಟಿಯಲ್ಲಿ ಹಿಚುಕಿ ಕರಿದ ಉಂಡೆ) ಬೆರಳಲ್ಲಿ ಒತ್ತಿದರೆ ಬಿರಿಯುತ್ತದೆಯೇ? ಮೂರಕ್ಕೂ ಹೌದಾದರೆ ಅದೃಷ್ಟವಂತರು. ಎಲ್ಲ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದರೆ ನಿನ್ನೆಯದನ್ನು ಬಿಸಿಮಾಡಿದ್ದಾರೆ. ಪಾಪಡಿ ಎದ್ದು ಕಾಣುವ ಹಸಿರಿದ್ದೂ ನಾಲಿಗೆಗೆ ಲೋಳೆಲೋಳೆ ಎನಿಸಿದರೆ ಸೋಡಾ ಜಾಸ್ತಿ ಬಿದ್ದಿದೆ. ಮುಠಿಯಾ ಕಲ್ಲಿನಂತಿದ್ದರೆ ಕರಿದು ಬಹಳ ಹೊತ್ತಾದ ಮೇಲೆ ಹಾಕಿದ್ದಾರೆ, ರಸ ಹೀರಿಲ್ಲ. ಎಣ್ಣೆ ಮೇಲೆ ತೇಲುತ್ತಿದೆ ಎಂದು ಮಾತ್ರ ದೂರಬೇಡಿ. ಊಂಧಿಯು ಎಣ್ಣೆಯಲ್ಲೇ ಬೇಯುವ ಅಡುಗೆ. ತರಕಾರಿಯನ್ನು ಬಟ್ಟಲಿನ ಅಂಚಿಗೆ ಒತ್ತಿ, ಎಣ್ಣೆ ತಳದಲ್ಲಿ ಬಿಟ್ಟು ತೆಗೆದುಕೊಂಡರೆ ಆಯಿತು.

ತಿನ್ನುವಾಗ ಚಮಚದಿಂದ ಕಲಸಿ ಮುದ್ದೆ ಮಾಡಬೇಡಿ. ಇದು ನಮ್ಮ ಕೂಟಿನಂತಲ್ಲ. ಒಂದು ತುತ್ತಿಗೆ ಗೆಣಸು, ಮುಂದಿನದಕ್ಕೆ ಬದನೆ, ಆಮೇಲೆ ಪಾಪಡಿ, ಹೀಗೆ ಬಿಡಿಬಿಡಿಯಾಗಿ ಪೂರಿಯಲ್ಲಿ ಹಿಡಿಯಿರಿ. ನಾರು ಸಿಕ್ಕರೆ ತಟ್ಟೆಯ ಅಂಚಿಗೆ ತೆಗೆದಿಡುವುದು ಅಲ್ಲಿ ಅಸಭ್ಯವಲ್ಲ. ಜಿಲೇಬಿ ಕೊನೆಗೆ ಅಂತ ಇಟ್ಟುಕೊಳ್ಳಬೇಡಿ, ನಡುನಡುವೆ ಕಚ್ಚುವುದಕ್ಕೇ ಅದು ಬಂದಿರುವುದು. ಪಾಪಡಿಯ ವಾಯುವಿಗೆ ಓಮಕಾಳು ಅಡುಗೆಯಲ್ಲೇ ಬಿದ್ದಿರುತ್ತದೆ. ಆದರೂ ರಾತ್ರಿಗಿಂತ ಮಧ್ಯಾಹ್ನ ತಿನ್ನುವುದು ಕ್ಷೇಮ.

ಹೆಸರಿನ ಗೊಂದಲ ಒಂದಿದೆ. ಗುಜರಾತಿನಲ್ಲಿ ‘ರತಾಳು’ ಎಂದರೆ ನೇರಳೆ ಗೆಣಸು. ಗಡಿ ದಾಟಿ ಮಹಾರಾಷ್ಟ್ರಕ್ಕೆ ಬಂದರೆ ‘ರತಾಳೆ’ ಎಂದರೆ ಮಾಮೂಲಿ ಸಿಹಿಗೆಣಸು. ಕೇಳುವಾಗ ಬಣ್ಣ ಹೇಳಿಬಿಡಿ.

ಸೂರತ್ತಿಗೇ ಹೋಗುವವರು ‘ಪೊಂಕ್’ ತಪ್ಪಿಸಬಾರದು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ಉದುರಿಸಿದ ಹಸಿರು ಕಾಳು, ನಿಂಬೆ–ಮೆಣಸಿನ ಸೇವ್ ಜೊತೆ ಕೊಡುತ್ತಾರೆ. ಉತ್ತರ ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ, ನಮ್ಮ ಸೀತನಿಯೇ. ಕಟ್ಟಿಸಿಕೊಂಡು ತರಬೇಡಿ, ಕೆಲವೇ ಗಂಟೆಯಲ್ಲಿ ಕಾಳು ಬಿಗಿಯುತ್ತದೆ.

6. ರೋಟ್ಲೊ ಆರಲು ಬಿಡಬೇಡಿ

ಸಜ್ಜೆ ರೊಟ್ಟಿ ತಿಂದು ಬೆಳೆದವರೂ ಇಲ್ಲಿ ಸ್ವಲ್ಪ ಹೊಂದಿಕೊಳ್ಳಬೇಕು. ನಮ್ಮದು ಕಲ್ಲು ಅಥವಾ ಮಣೆಯ ಮೇಲೆ ತೆಳ್ಳಗೆ ಬಡಿದದ್ದು, ಎಳ್ಳು ಹಚ್ಚಿ ಒಣಗಿಸಿಯೂ ಇಡುತ್ತೇವೆ. ರೋಟ್ಲೊವನ್ನು ಎರಡು ಅಂಗೈ ನಡುವೆ ತಟ್ಟಿ, ಮಣ್ಣಿನ ತವಾದ ಮೇಲೆ ದಪ್ಪಗೆ ಬೇಯಿಸುತ್ತಾರೆ. ಸಜ್ಜೆಯಲ್ಲಿ ಗೋಧಿಯಂತೆ ಅಂಟು ಇಲ್ಲದ್ದರಿಂದ ಆರಿದರೆ ಬಿರುಸಾಗಿ ಪುಡಿಯಾಗುತ್ತದೆ. ಹಾಗಾಗಿ ಒಂದೊಂದೇ ತರಿಸಿ. ನಾಲ್ಕು ಜನಕ್ಕೆ ನಾಲ್ಕು ಒಟ್ಟಿಗೆ ಹೇಳಿದರೆ ನಾಲ್ಕನೆಯವರು ಹಲ್ಲಿನ ಜೊತೆ ಜಗಳ ಆಡಬೇಕಾಗುತ್ತದೆ.

ಬಂದ ಕೂಡಲೇ ಮೇಲಿನ ಪದರ ಹೆಬ್ಬೆರಳಿನಿಂದ ಎತ್ತಿ. ಒಳಗಿಂದ ಹಬೆ ಬರುತ್ತದೆ, ಬೆರಳು ಜೋಪಾನ. ಆ ಬಾಯಿಗೆ ಒಂದು ಚಮಚ ತುಪ್ಪ ಅಥವಾ ಬೆಣ್ಣೆ ಹಾಕಿ ಅರ್ಧ ನಿಮಿಷ ಬಿಡಿ. ಮೊದಲ ತುತ್ತು ಬೆಲ್ಲದ ಜೊತೆ, ಆಮೇಲೆ ಓಳೊ. ಓಳೊ ಎಂದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಸಂಬಂಧಿ, ಹಸಿ ಬೆಳ್ಳುಳ್ಳಿ, ಈರುಳ್ಳಿ ಎಲೆ ಹಾಕಿರುತ್ತಾರೆ, ಹುಣಿಸೆಹಣ್ಣಿಲ್ಲ. ಉಳಿದ ತುಂಡನ್ನು ಕಢಿಯಲ್ಲೋ ಹಾಲಿನಲ್ಲೋ ಮುರಿದು ನಾದಿ ತಿನ್ನಿ.

ರೋಟ್ಲೊ ಕಹಿ ಎನಿಸಿದರೆ ಹಿಟ್ಟು ಹಳೆಯದು. ಸಜ್ಜೆಯಲ್ಲಿ ಕೊಬ್ಬಿನಂಶ ಹೆಚ್ಚು, ಬೀಸಿದ ಒಂದೆರಡು ವಾರದಲ್ಲಿ ಹಿಟ್ಟು ಕಮಟು ಹಿಡಿಯುತ್ತದೆ. ಮುಲಾಜಿಲ್ಲದೆ ವಾಪಸು ಕಳಿಸಿ.

7. ರಾಜಸ್ಥಾನದ ತಟ್ಟೆ

ಎಲ್ಲರೂ ಕೇಳುವುದು ದಾಲ್–ಬಾಟಿ–ಚೂರ್ಮಾ. ಅದು ವರ್ಷವಿಡೀ ಇರುವ ಊಟವೇ, ಆದರೆ ಅಷ್ಟು ತುಪ್ಪ ಚಳಿಯಲ್ಲೇ ಇಳಿಯುತ್ತದೆ. ಬಾಟಿ ಎಂದರೆ ತರಿ ಗೋಧಿಹಿಟ್ಟಿನ ಗಟ್ಟಿ ಉಂಡೆ, ಕೆಂಡದಲ್ಲೋ ಓವನ್‌ನಲ್ಲೋ ಸುಟ್ಟದ್ದು. ನಮ್ಮವರು ಅದನ್ನು ಬನ್ನಿನಂತೆ ಕಚ್ಚಲು ಹೋಗುತ್ತಾರೆ. ಕ್ರಮ ಹೀಗೆ: ಎರಡು ಬಾಟಿ ತೆಗೆದುಕೊಳ್ಳಿ, ಹೆಚ್ಚು ಬೇಡ. ಅಂಗೈಯಿಂದ ಒತ್ತಿ ಬಿರಿಸಿ. ಒಳಗೆ ಹಸಿ ಹಿಟ್ಟು ಅಂಟಿದ್ದರೆ ಬದಲಾಯಿಸಿ ಕೇಳಿ. ಕಡಲೆಕಾಳಿನ ಗಾತ್ರಕ್ಕೆ ಪುಡಿಮಾಡಿ, ಒಂದೆರಡು ಚಮಚ ತುಪ್ಪ ಮೊದಲು ಹಾಕಿ, ಅದು ಹೀರಿದ ಮೇಲೆ ಐದು ಬೇಳೆಯ ಪಂಚಮೇಲ್ ದಾಲ್ ಸುರಿಯಿರಿ. ದಾಲ್ ಮೊದಲು ಸುರಿದರೆ ಬಾಟಿ ಗಂಜಿಯಾಗುತ್ತದೆ. ನಿಂಬೆ ಹಿಂಡಿ, ಬೆಳ್ಳುಳ್ಳಿ ಚಟ್ನಿ ಸಾಸಿವೆಕಾಳಷ್ಟು ಮುಟ್ಟಿಸಿ. ಚೂರ್ಮಾ ಸಿಹಿ, ಅದನ್ನು ಪಕ್ಕದಲ್ಲಿಟ್ಟು ನಡುವೆ ನಂಜಿಕೊಳ್ಳಿ.

ಅಪ್ಪಟ ಚಳಿಗಾಲದ್ದು ‘ಹಲ್ದಿ ಕೀ ಸಬ್ಜಿ’. ಜೋಧಪುರ ಕಡೆಯದು. ಹಸಿ ಅರಿಶಿನ ಕೊಂಬನ್ನು ತುರಿದು, ಹಸಿವಾಸನೆ ಹೋಗುವತನಕ ಧಾರಾಳ ತುಪ್ಪದಲ್ಲಿ ಹುರಿದು, ಮೊಸರು, ಮಸಾಲೆ, ಕೆಲವರು ಬಟಾಣಿಯನ್ನೂ ಹಾಕಿ ಮಾಡುತ್ತಾರೆ. ಕೊನೆಯಲ್ಲಿ ತುಪ್ಪ ಬಿಡುತ್ತದೆ. ಅರಿಶಿನವನ್ನು ಚಿಟಿಕೆ ಲೆಕ್ಕದಲ್ಲಿ ಬಲ್ಲ ನಮಗೆ ಪಲ್ಯವಾಗಿ ತಿನ್ನುವುದೆಂದರೆ ಅನುಮಾನ. ಎರಡು ಚಮಚ ಹಾಕಿಸಿಕೊಂಡು ಸಜ್ಜೆ ರೊಟ್ಟಿಯಲ್ಲಿ ತಿಂದು ನೋಡಿ, ಮಣ್ಣಿನ ಘಮ ಇರುತ್ತದೆ, ಕಹಿ ಇರಬಾರದು. ಕಹಿ ಇದ್ದರೆ ಹುರಿದದ್ದು ಸಾಲದು. ಎರಡು ಚಮಚಕ್ಕಿಂತ ಹೆಚ್ಚು ಬೇಡ, ಬಹಳ ಭಾರ. ಬಿಳಿ ಅಂಗಿಯಲ್ಲಂತೂ ಹೋಗಲೇಬೇಡಿ. ಉಗುರಿನ ಹಳದಿ ಎರಡು ದಿನಕ್ಕೆ ಹೋಗುತ್ತದೆ, ಅಂಗಿಯದು ಹೋಗುವುದಿಲ್ಲ.

‘ರಾಬ್’ ಇದ್ದರೆ ಊಟದ ಮೊದಲೇ ತರಿಸಿ. ಸಜ್ಜೆ ಹಿಟ್ಟಿನ ತೆಳು ಗಂಜಿ. ಮಜ್ಜಿಗೆಯದೋ ಬೆಲ್ಲದ್ದೋ ಕೇಳಿಕೊಳ್ಳಿ. ಬೆಲ್ಲದ್ದರಲ್ಲಿ ಒಣಶುಂಠಿ ಇರುತ್ತದೆ, ಶೀತ ಆದವರಿಗೆ ಹಿತ.

ಉದಯಪುರ ಕಡೆ ‘ಮಕ್ಕಿ ಕೇ ಢೋಕ್ಲೆ’ ಎಂದು ಪಟ್ಟಿಯಲ್ಲಿದ್ದರೆ ಗುಜರಾತಿ ಢೋಕ್ಳಾ ಎಂದು ತಿಳಿದು ಬಿಡಬೇಡಿ. ಇದು ಮೆಕ್ಕೆಜೋಳದ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ್ದು, ಗಟ್ಟಿ. ಉದ್ದಿನ ದಾಲ್, ತುಪ್ಪ ಅಥವಾ ಎಳ್ಳೆಣ್ಣೆ ಜೊತೆ ತಿನ್ನುವುದು.

ಕೇರ್–ಸಾಂಗ್ರಿ ಚಳಿಗಾಲದ್ದಲ್ಲ. ಬೇಸಿಗೆಯಲ್ಲಿ ಒಣಗಿಸಿಟ್ಟ ಕಾಯಿ, ಯಾವಾಗಲೂ ಸಿಗುತ್ತದೆ. ಆದರೂ ಒಂದು ಚಮಚ ರುಚಿ ನೋಡಿ. ಸಾಂಗ್ರಿ ಎಂದರೆ ದಸರಾದಲ್ಲಿ ನಾವು ಎಲೆ ಹಂಚಿಕೊಳ್ಳುವ ಬನ್ನಿ ಮರದ ಕಾಯಿ. ನಮ್ಮಲ್ಲಿ ಅದನ್ನು ಯಾರೂ ಪಲ್ಯ ಮಾಡುವುದಿಲ್ಲ.

ಥಾಳಿ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಸಸ್ಯಾಹಾರವಷ್ಟೇ. ಲಾಲ್ ಮಾಂಸ್ ಬೇಕಿದ್ದವರು ಬೇರೆ ಹೋಟೆಲ್ ನೋಡಿಕೊಳ್ಳಬೇಕು, ಅಲ್ಲೂ ಗೋಧಿಯ ಬದಲು ಸಜ್ಜೆ ರೊಟ್ಟಿಯನ್ನೇ ಕೇಳಿ.

ಊಟದ ಮೇಲೆ ತಣ್ಣೀರು ಕುಡಿದರೆ ಬಾಯಂಗುಳಕ್ಕೆ ತುಪ್ಪ ಮೇಣದಂತೆ ಅಂಟುತ್ತದೆ. ಬಿಸಿನೀರು ಕೇಳಿ, ತಂದುಕೊಡುತ್ತಾರೆ.

8. ಕಟ್ಟಿಸಿಕೊಂಡು ಬರುವುದಾದರೆ

ಸಿಹಿಯನ್ನು ಹೋಟೆಲಿನಲ್ಲಿ ತಿನ್ನುವುದಕ್ಕಿಂತ ಮನೆಗೆ ತರುವುದೇ ಜಾಣತನ, ಅಷ್ಟೆಲ್ಲ ಆದಮೇಲೆ ಅದಕ್ಕೆ ನ್ಯಾಯ ಸಿಗುವುದಿಲ್ಲ. ಗುಜರಾತಿನಿಂದ ಅಡದಿಯಾ ತನ್ನಿ: ಉದ್ದಿನ ಹಿಟ್ಟು, ತುಪ್ಪ, ಕರಿದ ಅಂಟು, ಒಣಶುಂಠಿ, ಮಸಾಲೆ. ಕಚ್ಛಿನದಕ್ಕೆ ಹೆಸರಿದೆ. ರಾಜಸ್ಥಾನದಿಂದ ಗೋಂದ್ ಲಡ್ಡು, ನಮ್ಮ ಅಂಟಿನುಂಡೆಯ ಅಣ್ಣತಮ್ಮ. ಗಾಳಿಯಾಡದ ಡಬ್ಬಿಯಲ್ಲಿ ಎರಡೂ ಎರಡು ವಾರ ಧಾರಾಳ ಇರುತ್ತವೆ. ಒಂದು ದಿನಕ್ಕೆ ಒಂದು ತುಂಡು, ಬೆಳಗ್ಗೆ.

ಊಂಧಿಯು ತರುವುದಾದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಯ್ಯಿರಿ. ಅಂಗಡಿಯ ಪ್ಲಾಸ್ಟಿಕ್ ಪೊಟ್ಟಣದಿಂದ ಎಣ್ಣೆ ಸೋರಿ ಸೂಟ್‌ಕೇಸು ಹಾಳಾಗುತ್ತದೆ. ಪೂರ್ತಿ ಆರಿದ ಮೇಲೆ ತುಂಬಿಸಿ, ಅಂದೇ ಊರು ಸೇರುವಂತಿದ್ದರೆ ಮಾತ್ರ ತನ್ನಿ, ಫ್ರಿಜ್ಜಿನಲ್ಲಿ ಎರಡು ದಿನ. ಬಿಸಿಮಾಡುವಾಗ ಸೌಟು ಹಾಕಬೇಡಿ, ಮುಠಿಯಾ ಒಡೆಯುತ್ತದೆ. ಅಗಲ ಬಾಣಲೆಗೆ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಆರೇಳು ನಿಮಿಷ ಇಡಿ. ನಡುವೆ ಒಂದೆರಡು ಸಲ ಬಾಣಲೆಯ ಹಿಡಿ ಹಿಡಿದು ಕುಲುಕಿದರೆ ಸಾಕು.